ಸ್ವಯಂ-ನಿರ್ವಹಣೆ ಎಂದರೆ ‘ನಿಮ್ಮದನ್ನು ನೀವೇ ನೋಡಿಕೊಳ್ಳಿ’ ಎಂದಲ್ಲ

ಕ್ಯಾನ್ಸರ್ ಚಿಕಿತ್ಸೆ ಮುಗಿಸಿದವರಿಗಾಗಿ ಬರೆದ ಲೇಖನವೊಂದರಲ್ಲಿ ‘ಸ್ವಯಂ-ನಿರ್ವಹಣೆ’ ಎಂಬ ತಲೆಬರಹದಡಿ ಬರೀ ಮನೆಮದ್ದಿನ ಪಟ್ಟಿ. ಇನ್ನೊಂದರಲ್ಲಿ ‘ಸ್ವಯಂ-ನಿರ್ವಹಣೆ ಕಲಿತರೆ ಪದೇ ಪದೇ ಆಸ್ಪತ್ರೆಗೆ ಅಲೆಯಬೇಕಿಲ್ಲ’ ಎಂಬ ಭರವಸೆ. ಮೊದಲನೆಯದು ತಪ್ಪು. ಎರಡನೆಯದು ತಪ್ಪಷ್ಟೇ ಅಲ್ಲ, ಅಪಾಯ.

ಈ ಪದ ಹುಟ್ಟಿದ್ದು ಕ್ಯಾನ್ಸರ್ ವಿಭಾಗದಲ್ಲಿ ಅಲ್ಲ, ಮಕ್ಕಳ ಆಸ್ತಮಾ ಚಿಕಿತ್ಸೆಯಲ್ಲಿ. ದೀರ್ಘಕಾಲದ ಕಾಯಿಲೆಯ ಮಕ್ಕಳ ಬಗ್ಗೆ 1970ರ ದಶಕದಲ್ಲಿ ಬರೆದ ಅಮೆರಿಕದ ಮನಶ್ಶಾಸ್ತ್ರಜ್ಞ ಥಾಮಸ್ ಕ್ರೀರ್, ರೋಗಿಯೂ ಚಿಕಿತ್ಸೆಯಲ್ಲಿ ಸಕ್ರಿಯ ಪಾಲುದಾರ ಎಂಬರ್ಥದಲ್ಲಿ ಅದನ್ನು ಬಳಸಿದರು. ಪಾಲುದಾರ ಎಂದ ಮೇಲೆ ಎದುರಿಗೆ ಇನ್ನೊಬ್ಬರು ಇರಲೇಬೇಕಲ್ಲ? ಮುಂದೆ ಸ್ಟ್ಯಾನ್‌ಫರ್ಡ್‌ನ ಕೇಟ್ ಲೋರಿಗ್ ಸಂಧಿವಾತದ ರೋಗಿಗಳಿಗೆ ಇದನ್ನೇ ತರಗತಿ ಮಾಡಿ ಕಲಿಸಿದರು. ಅವರು ಪಟ್ಟಿ ಮಾಡಿದ ಕೌಶಲಗಳಲ್ಲಿ ಸಮಸ್ಯೆ ಬಿಡಿಸುವುದು, ನಿರ್ಧಾರ ಮಾಡುವುದರ ಜೊತೆಗೆ ವೈದ್ಯರೊಂದಿಗೆ ಹೊಂದಿಕೊಂಡು ಕೆಲಸ ಮಾಡುವುದೂ ಇದೆ. ನಮ್ಮ ಲೇಖನಗಳು ಆ ಕೊನೆಯದನ್ನೇ ನುಂಗಿಹಾಕುತ್ತವೆ. 1988ರಲ್ಲಿ ಕಾರ್ಬಿನ್ ಮತ್ತು ಸ್ಟ್ರಾಸ್ ಎಂಬ ಸಂಶೋಧಕರು ರೋಗಿಯ ಹೊಣೆಯನ್ನು ಮೂರಾಗಿ ಬಿಡಿಸಿದರು: ಔಷಧ-ತಪಾಸಣೆ ಒಂದು, ಮನೆ-ಉದ್ಯೋಗದ ಪಾತ್ರಗಳು ಇನ್ನೊಂದು, ಮನಸ್ಸಿನ ಭಾರ ಮೂರನೆಯದು. ಮತ್ತೆ ಕಾಯಿಲೆ ಮರುಕಳಿಸೀತೆಂಬ ಭಯ, ಸ್ಕ್ಯಾನ್ ಹತ್ತಿರ ಬಂದಂತೆ ನಿದ್ದೆ ಹಾರಿಹೋಗುವುದು ಎಲ್ಲ ಈ ಮೂರನೆಯದಕ್ಕೆ ಸೇರುತ್ತದೆ. ‘ಧೈರ್ಯವಾಗಿರಿ’ ಎಂದು ಹೇಳಿ ಮುಗಿಸುವ ವಿಷಯವಲ್ಲ ಅದು.

ಸುಸ್ತನ್ನೇ ತೆಗೆದುಕೊಳ್ಳಿ. ಕೀಮೋ ಮುಗಿದು ತಿಂಗಳುಗಳಾದರೂ ಬಿಡದ, ಎಷ್ಟು ಮಲಗಿದರೂ ಹೋಗದ ಸುಸ್ತು. ಕಂಡವರೆಲ್ಲ ‘ರೆಸ್ಟ್ ತಗೊಳ್ಳಿ’ ಅನ್ನುತ್ತಾರೆ. ಮಲಗಿಯೇ ಇದ್ದರೆ ಸ್ನಾಯುಗಳು ಸೊರಗಿ ಸುಸ್ತು ಇನ್ನೂ ಹೆಚ್ಚುತ್ತದೆ. ಸ್ವಯಂ-ನಿರ್ವಹಣೆ ಕಲಿತವರು ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಸುಸ್ತಿಗೆ ಸೊನ್ನೆಯಿಂದ ಹತ್ತರವರೆಗೆ ಅಂಕ ಹಾಕಿ, ಆ ಹೊತ್ತಿಗೆ ಏನು ಮಾಡಿದ್ದರೆಂದು ಪಕ್ಕದಲ್ಲಿ ಬರೆಯುತ್ತಾರೆ. ಒಂದೆರಡು ವಾರದಲ್ಲಿ ಗುಟ್ಟು ಬಯಲಾಗುತ್ತದೆ: ಮೈ ಹಗುರವಿದ್ದ ದಿನ ಬಾಕಿ ಕೆಲಸವನ್ನೆಲ್ಲ ಒಂದೇ ಉಸಿರಿಗೆ ಮುಗಿಸಿ, ಮುಂದಿನ ಎರಡು ದಿನ ಹಾಸಿಗೆ. ಆಮೇಲೆ ಕೆಲಸ ಹಂಚಿಕೊಳ್ಳುವುದು, ಹತ್ತು ನಿಮಿಷದ ನಡಿಗೆಯಿಂದ ಶುರುಮಾಡಿ ನಿಧಾನವಾಗಿ ಏರಿಸುವುದು. ಇಷ್ಟಕ್ಕೇ ನಿಲ್ಲಿಸಿದರೆ ಅರ್ಧ ಕೆಲಸ. ರಕ್ತಹೀನತೆಯಿಂದಲೂ ಥೈರಾಯ್ಡ್ ಏರುಪೇರಿನಿಂದಲೂ ಇಂಥದೇ ಸುಸ್ತು ಬರುತ್ತದೆ. ಹಾಗಾಗಿ ಆ ಹಾಳೆ ಡಾಕ್ಟರ ಮೇಜಿನ ಮೇಲೂ ಬರಬೇಕು. ಸ್ತನ ಕ್ಯಾನ್ಸರಿಗೆ ಕಂಕುಳಿನ ಗ್ರಂಥಿ ತೆಗೆಸಿಕೊಂಡವರ ತೋಳು ಕೆಂಪಾಗಿ ಊದಿ ಜ್ವರ ಬಂದರೆ ಡೈರಿ ಬರೆಯುತ್ತ ಕೂರುವಂತಿಲ್ಲ, ಅಂದೇ ಫೋನ್ ಮಾಡಬೇಕು. ಯಾವುದಕ್ಕೆ ಕಾಯಬಹುದು, ಯಾವುದಕ್ಕೆ ಕಾಯಬಾರದು ಎಂದು ತಿಳಿದಿರುವುದೂ ಈ ಪದದೊಳಗೇ ಇದೆ.

ಇನ್ನು ಇಂಥ ಲೇಖನಗಳಲ್ಲಿ ಸಿಗುವ ಇನ್ನೊಂದು ಪದ ‘ಆನ್‌ಲೈನ್ ಬೆಂಬಲ’. ವೆಬ್‌ಸೈಟಿಗೆ ಒಂದು ಪಿಡಿಎಫ್ ಹಾಕಿದರೆ ಅದು ಮಾಹಿತಿ, ಬೆಂಬಲ ಅನ್ನಬೇಡಿ. ನೆದರ್ಲೆಂಡ್ಸ್‌ನ ಆಂಕೊಕೊಂಪಾಸ್ ಎಂಬ ಆನ್‌ಲೈನ್ ಸಾಧನದಲ್ಲಿ ಪ್ರಶ್ನೆಗಳಿಗೆ ಉತ್ತರಿಸಿದರೆ ಒಂದೊಂದು ತೊಂದರೆಗೂ ಹಸಿರು, ಕಿತ್ತಳೆ, ಕೆಂಪು ಬಣ್ಣ ಬೀಳುತ್ತದೆ; ಅದಕ್ಕೆ ತಕ್ಕ ಸಲಹೆ ಬರುತ್ತದೆ, ಕೆಂಪು ಬಿದ್ದಲ್ಲಿ ವೈದ್ಯರನ್ನು ಕಾಣಲು ಹೇಳುತ್ತದೆ. ನ್ಯೂಯಾರ್ಕ್‌ನ ಅಧ್ಯಯನವೊಂದು ಇನ್ನೂ ಮುಂದೆ ಹೋಯಿತು. ಹರಡಿದ ಕ್ಯಾನ್ಸರಿಗೆ ಕೀಮೋ ಪಡೆಯುತ್ತಿದ್ದ 766 ಮಂದಿಯಲ್ಲಿ ಒಂದು ಗುಂಪು ತಮ್ಮ ಲಕ್ಷಣಗಳನ್ನು ವೆಬ್‌ನಲ್ಲಿ ದಾಖಲಿಸುತ್ತಿತ್ತು. 2017ರ ವರದಿಯಂತೆ ಆ ಗುಂಪಿನ ಮಧ್ಯಾಂಕ ಬದುಕುಳಿವು (ಅರ್ಧದಷ್ಟು ಮಂದಿ ಬದುಕಿದ್ದ ಅವಧಿ) 31.2 ತಿಂಗಳು, ಉಳಿದವರದು 26. ಇದನ್ನು ಉಲ್ಲೇಖಿಸುವವರು ಎರಡು ಸಂಗತಿ ಬಿಟ್ಟುಬಿಡುತ್ತಾರೆ. ಅಧ್ಯಯನದಲ್ಲಿದ್ದವರು ಚಿಕಿತ್ಸೆ ಮುಗಿಸಿದವರಲ್ಲ, ಚಿಕಿತ್ಸೆಯಲ್ಲಿದ್ದವರು. ಮತ್ತು ಲಕ್ಷಣ ಬಿಗಡಾಯಿಸಿದಾಗ ನರ್ಸ್‌ಗೆ ಇಮೇಲ್ ಹೋಗುತ್ತಿತ್ತು. ಆ ನರ್ಸನ್ನು ತೆಗೆದುಹಾಕಿ ಬರೀ ಆಪ್ ಇಟ್ಟುಕೊಂಡು ಅದೇ ಫಲ ಬರುತ್ತದೆ ಎನ್ನಲು ಈ ಅಧ್ಯಯನ ಆಧಾರವಾಗದು.

ಹಾಗಾಗಿ ಯಾವುದೇ ಆಪ್ ಇಳಿಸಿಕೊಳ್ಳುವ ಮುನ್ನ ಕೇಳಬೇಕಾದ್ದು: ನಾನು ‘ನೋವು ಒಂಬತ್ತು’ ಎಂದು ಒತ್ತಿದರೆ ಅದನ್ನು ಯಾರು ನೋಡುತ್ತಾರೆ, ಎಷ್ಟು ಹೊತ್ತಿಗೆ? ಕೀಮೋದಿಂದ ಬೆರಳು ಜೋಮು ಹಿಡಿದು ಟೈಪ್ ಮಾಡಲಾಗದವರಿಗೆ, ಓದಿದ್ದು ತಲೆಯಲ್ಲಿ ನಿಲ್ಲದವರಿಗೆ ಫೋನ್ ನಂಬರ್ ಇದೆಯೇ ಎಂದೂ ಕೇಳಿ.