ಅಂಚಿಲ್ಲದ ತೋಟಾ ಮತ್ತು ಸುತ್ತುವ ಸಿಲಿಂಡರ್

ಪಿಸ್ತೂಲಿನ ತೋಟಾ ಹಾರಿಸುವ ರಿವಾಲ್ವರನ್ನು ದುರಸ್ತಿಗೆ ತಂದು, ಟ್ರಿಗರ್ ಬಿಗಿಯಾಗಿದೆ, ಒಮ್ಮೊಮ್ಮೆ ಸಿಲಿಂಡರ್ ಸುತ್ತುವುದೇ ಇಲ್ಲ ಎಂದು ದೂರುವವರಲ್ಲಿ ನಾನು ಮೊದಲು ಕೇಳುವುದು ಅವರ ಬಳಿಯಿರುವ, ತೋಟಾಗಳ ಬುಡವನ್ನು ಒಟ್ಟಿಗೆ ಕಚ್ಚಿ ಹಿಡಿಯುವ ತಗಡುಗಳಾದ ಮೂನ್ ಕ್ಲಿಪ್‌ಗಳನ್ನು. ಅವರು ರಿವಾಲ್ವರನ್ನಷ್ಟೇ ತಂದಿರುತ್ತಾರೆ. ಕ್ಲಿಪ್ಪುಗಳು ಚೀಲದ ತಳದಲ್ಲಿ ಬೇರೆ ಸಾಮಾನುಗಳ ಅಡಿ ಬಿದ್ದಿರುತ್ತವೆ. ನನ್ನ ಅನುಭವದಲ್ಲಿ ಹೆಚ್ಚಿನ ಸಲ ದೋಷ ಸಿಕ್ಕಿರುವುದು ಅಲ್ಲಿಯೇ, ಕೂದಲೆಳೆಯಷ್ಟು ಬಾಗಿದ ಆ ತೆಳು ಉಕ್ಕಿನ ತಗಡಿನಲ್ಲಿ. ಈ ಬಗೆಯ ರಿವಾಲ್ವರಿನಲ್ಲಿ ಕ್ಲಿಪ್ಪು ತೋಟಾ ಹಿಡಿದಿಡುವ ಸಾಧನ ಮಾತ್ರವಲ್ಲ, ಆಯುಧದ ಒಂದು ಬಿಡಿಭಾಗವೇ ಆಗಿದೆ. ಅದು ಹೇಗೆಂದು ತಿಳಿಯಬೇಕಾದರೆ ತೋಟಾದ ಬುಡವನ್ನು ನೋಡಬೇಕು.

.38 ಸ್ಪೆಷಲ್ ಅಥವಾ .357 ಮ್ಯಾಗ್ನಮ್‌ನಂತಹ ರಿವಾಲ್ವರ್ ತೋಟಾದ ಬುಡದಲ್ಲಿ ಹೊರಚಾಚಿದ ಅಂಚೊಂದಿರುತ್ತದೆ. ತೋಟಾ ಚೇಂಬರಿನೊಳಗೆ, ಅಂದರೆ ಸಿಲಿಂಡರಿನಲ್ಲಿ ಅದು ಕೂರುವ ಕುಳಿಯೊಳಗೆ, ಜಾರಿಹೋಗದಂತೆ ತಡೆಯುವುದು, ಫೈರಿಂಗ್ ಪಿನ್ ಬಡಿದಾಗ ಹಿಂದೆ ಸರಿಯದ ಆಸರೆ ಕೊಡುವುದು, ಎಕ್ಸ್‌ಟ್ರಾಕ್ಟರಿನ ನಕ್ಷತ್ರಾಕಾರದ ತಲೆ ಖಾಲಿ ಹಿತ್ತಾಳೆಯನ್ನು (ಗುಂಡು ಹಾರಿದ ಮೇಲೆ ಉಳಿಯುವ ತೋಟಾದ ಕವಚವನ್ನು) ಹೊರತಳ್ಳುವಾಗ ಹಿಡಿತ ಒದಗಿಸುವುದು, ಈ ಮೂರೂ ಕೆಲಸಗಳನ್ನು ಆ ಅಂಚೇ ಮಾಡುತ್ತದೆ. ಪಿಸ್ತೂಲಿನ ಮ್ಯಾಗಜೀನಿನಲ್ಲಾದರೋ ತೋಟಾಗಳು ಒಂದರ ಮೇಲೊಂದು ಕೂರಬೇಕು. ಅಂಚಿದ್ದರೆ ಒಂದಕ್ಕೊಂದು ಸಿಕ್ಕಿಕೊಳ್ಳುತ್ತವೆ. ಆದ್ದರಿಂದ 9 ಮಿ.ಮೀ. ಪ್ಯಾರಾಬೆಲಮ್, .45 ಎಸಿಪಿ ಮುಂತಾದ ತೋಟಾಗಳ ಬುಡ ಮೈಯಷ್ಟೇ ಅಗಲವಾಗಿದ್ದು, ಅದರ ಮೇಲೆ ಸುತ್ತಲೂ ಒಂದು ಕಾಲುವೆ ಕೊರೆದಿರುತ್ತದೆ. ಇವು ಚೇಂಬರಿನಲ್ಲಿ ನಿಲ್ಲುವುದು ಹಿತ್ತಾಳೆಯ ಬಾಯಿ ಒಳಗಿನ ಸಣ್ಣ ಮೆಟ್ಟಿಲಿಗೆ ತಾಗಿದಾಗ. ಇಂತಹ ತೋಟಾವನ್ನು ಸಾಮಾನ್ಯ ರಿವಾಲ್ವರಿಗೆ ಹಾಕಿದರೆ ಎಕ್ಸ್‌ಟ್ರಾಕ್ಟರಿಗೆ ಹಿಡಿಯಲು ಏನೂ ಸಿಗುವುದಿಲ್ಲ.

ಈ ತೊಡಕನ್ನು ಬಿಡಿಸಿದ್ದು ಯುದ್ಧಕಾಲದ ಅವಸರ. ಅಮೆರಿಕ 1917ರಲ್ಲಿ ಮೊದಲ ಮಹಾಯುದ್ಧಕ್ಕೆ ಇಳಿದಾಗ ಎಂ1911 ಪಿಸ್ತೂಲುಗಳ ತಯಾರಿಕೆ ಸೇನೆಯ ಬೇಡಿಕೆಗೆ ಸಾಲುತ್ತಿರಲಿಲ್ಲ. ಕೋಲ್ಟ್ ಮತ್ತು ಸ್ಮಿತ್ ಆ್ಯಂಡ್ ವೆಸನ್ ಸಂಸ್ಥೆಗಳ ಬಳಿ ದೊಡ್ಡ ಚೌಕಟ್ಟಿನ ರಿವಾಲ್ವರುಗಳ ತಯಾರಿಕಾ ಸಾಲುಗಳು ಸಿದ್ಧವಿದ್ದವು. ಆದರೆ ಸೇನೆಯ ತೋಟಾ ಅಂಚಿಲ್ಲದ .45 ಎಸಿಪಿ. ಸ್ಮಿತ್ ಆ್ಯಂಡ್ ವೆಸನ್‌ನ ಜೋಸೆಫ್ ವೆಸನ್ ರೂಪಿಸಿದ ಅರ್ಧಚಂದ್ರಾಕಾರದ ಸ್ಪ್ರಿಂಗ್ ಉಕ್ಕಿನ ತಗಡು ಮೂರು ತೋಟಾಗಳ ಕಾಲುವೆಗಳನ್ನು ಒಟ್ಟಿಗೆ ಕಚ್ಚಿ ಹಿಡಿಯುತ್ತಿತ್ತು, ಎರಡು ತಗಡುಗಳಿಂದ ಸಿಲಿಂಡರ್ ತುಂಬುತ್ತಿತ್ತು, ಎಕ್ಸ್‌ಟ್ರಾಕ್ಟರ್ ತೋಟಾದ ಬದಲು ತಗಡನ್ನೇ ತಳ್ಳುತ್ತಿತ್ತು. ಎಂ1917 ಎಂಬ ಹೆಸರಿನಲ್ಲಿ ಎರಡೂ ಸಂಸ್ಥೆಗಳು ಸೇರಿ ಸುಮಾರು 3 ಲಕ್ಷ ರಿವಾಲ್ವರುಗಳನ್ನು ತಯಾರಿಸಿದವು.

ಹಳೆಯ ಎಂ1917 ಕೈಗೆ ಬಂದವರು ಒಂದು ವ್ಯತ್ಯಾಸವನ್ನು ತಪ್ಪದೆ ಗಮನಿಸಬೇಕು. ಕೋಲ್ಟ್‌ನ ಆರಂಭದ ತಯಾರಿಕೆಯಲ್ಲಿ ಚೇಂಬರುಗಳನ್ನು ಮೆಟ್ಟಿಲಿಲ್ಲದೆ ನೇರವಾಗಿ ಕೊರೆದಿದ್ದರು; ಕ್ಲಿಪ್ಪಿಲ್ಲದೆ ತೋಟಾ ಹಾಕಿದರೆ ಅದು ಫೈರಿಂಗ್ ಪಿನ್ನಿಗೆ ಎಟುಕದಷ್ಟು ಮುಂದೆ ಜಾರುತ್ತಿತ್ತು. ಸ್ಮಿತ್ ಆ್ಯಂಡ್ ವೆಸನ್ ಚೇಂಬರಿಗೆ ಮೆಟ್ಟಿಲಿತ್ತು, ಹಾಗಾಗಿ ಕ್ಲಿಪ್ಪಿಲ್ಲದೆಯೂ ಹಾರಿಸಬಹುದಿತ್ತು, ಖಾಲಿ ಹಿತ್ತಾಳೆಯನ್ನು ಮಾತ್ರ ಕಡ್ಡಿಯಿಂದ ಒಂದೊಂದಾಗಿ ತಳ್ಳಬೇಕಿತ್ತು. 1920ರಲ್ಲಿ ಪೀಟರ್ಸ್ ಸಂಸ್ಥೆ ಅದೇ ತೋಟಾಕ್ಕೆ ದಪ್ಪ ಅಂಚು ಕೊಟ್ಟು .45 ಆಟೋ ರಿಮ್ ಎಂದು ಮಾರಿತು. ಕ್ಲಿಪ್ಪು ಮತ್ತು ಬುಡ ಎರಡೂ ಸೇರಿ ತುಂಬುತ್ತಿದ್ದ ಜಾಗವನ್ನು ಅಂಚೊಂದೇ ತುಂಬಬೇಕಾದ್ದರಿಂದ ಆ ದಪ್ಪ.

ಮುಂದೆ ಆರೂ ತೋಟಾಗಳನ್ನು ಒಂದೇ ವೃತ್ತದಲ್ಲಿ ಹಿಡಿಯುವ ಪೂರ್ಣಚಂದ್ರ ಕ್ಲಿಪ್ಪು ಬಂದಾಗ, ಅನಿವಾರ್ಯಕ್ಕೆಂದು ಹುಟ್ಟಿದ ಉಪಾಯ ಅನುಕೂಲವಾಗಿ ಬದಲಾಯಿತು. ಗಿಡ್ಡ, ದುಂಡು ಮೂತಿಯ .45 ತೋಟಾಗಳು ಆರೂ ಒಟ್ಟಿಗೆ ಚೇಂಬರಿಗೆ ಇಳಿಯುತ್ತವೆ, ಖಾಲಿಯಾದ ಮೇಲೆ ಆರೂ ಒಟ್ಟಿಗೆ ಹೊರಬೀಳುತ್ತವೆ. 1999ರಲ್ಲಿ ಅಮೆರಿಕದ ವೇಗದ ಶೂಟರ್ ಜೆರ್ರಿ ಮಿಕುಲೆಕ್ ಆರು ಗುಂಡು ಹಾರಿಸಿ, ಮತ್ತೆ ತುಂಬಿಕೊಂಡು, ಇನ್ನಾರನ್ನು ಹಾರಿಸಲು ತೆಗೆದುಕೊಂಡದ್ದು ಒಟ್ಟು 2.99 ಸೆಕೆಂಡು, ಅವರ ಕೈಯಲ್ಲಿದ್ದುದು ಇದೇ ಬಗೆಯ ಸ್ಮಿತ್ ಆ್ಯಂಡ್ ವೆಸನ್ 625. ಕೌಶಲ ಅವರದೇ, ಆದರೂ ಬಿಡಿ ತೋಟಾಗಳಿಂದ ಅಂತಹ ವೇಗ ಸಾಧ್ಯವಿರಲಿಲ್ಲ.

9 ಮಿ.ಮೀ.ನ ಕಥೆ ಇಷ್ಟು ಸರಳವಲ್ಲ. .45 ಎಸಿಪಿಯ ಗರಿಷ್ಠ ಒತ್ತಡ ಚದರ ಇಂಚಿಗೆ 21,000 ಪೌಂಡ್ ಆದರೆ 9 ಮಿ.ಮೀ.ನದು 35,000, ಮೇಲಾಗಿ ಅದರ ಹಿತ್ತಾಳೆ ಬುಡದಿಂದ ಬಾಯಿಯ ಕಡೆಗೆ ಕಿರಿದಾಗುತ್ತದೆ. ನೇರ ಮೈಯ ಹಿತ್ತಾಳೆ ಸಿಡಿದಾಗ ಹಿಗ್ಗಿ ಚೇಂಬರಿನ ಗೋಡೆಯನ್ನು ಹಿಡಿದು ನಿಲ್ಲುತ್ತದೆ, ಇಳಿಜಾರಿನದು ಬೆಣೆಯಂತೆ ಹಿಂದಕ್ಕೆ ಜಾರಿ ಚೌಕಟ್ಟನ್ನು ಒತ್ತುತ್ತದೆ, ಆಗ ಸಿಲಿಂಡರ್ ಸುತ್ತಲು ಕಷ್ಟವಾಗುತ್ತದೆ. 1980ರ ದಶಕದಲ್ಲಿ ಸ್ಮಿತ್ ಆ್ಯಂಡ್ ವೆಸನ್ ತಯಾರಿಸಿದ ಮಾಡೆಲ್ 547ರಲ್ಲಿ ಈ ಜಾರುವಿಕೆಯನ್ನು ತಡೆಯಲು ಫೈರಿಂಗ್ ಪಿನ್ನಿನ ಬಳಿ ಮತ್ತೊಂದು ಪಿನ್ನಿತ್ತು. ಕ್ಲಿಪ್ಪಿನ ಅಗತ್ಯವೇ ಬೀಳದಂತೆ ಎಕ್ಸ್‌ಟ್ರಾಕ್ಟರಿಗೆ ಸ್ಪ್ರಿಂಗ್ ಬೆರಳುಗಳನ್ನೂ ಜೋಡಿಸಿದ್ದರು. ನಾನು ಕಂಡ ಪರಿಹಾರಗಳಲ್ಲಿ ಅತ್ಯಂತ ಜಾಣತನದ್ದು ಅದು, ಆದರೆ ಅಷ್ಟು ಸೂಕ್ಷ್ಮ ಕೆಲಸ ಬಹಳ ವರ್ಷ ಮುಂದುವರಿಯಲಿಲ್ಲ. ಪ್ರತಿ ಸಲ ಸುತ್ತಿಗೆಯನ್ನು ಬೆರಳಿನಿಂದ ಹಿಂದೆಳೆಯಬೇಕಾದ ಸಿಂಗಲ್ ಆ್ಯಕ್ಷನ್ ರೂಗರ್ ಬ್ಲ್ಯಾಕ್‌ಹಾಕ್‌ನಲ್ಲಿ ಹಿತ್ತಾಳೆಗೆ ಹಿಡಿತ ಸಿಗುವ ಪ್ರಶ್ನೆಯೇ ಏಳುವುದಿಲ್ಲ, ಏಕೆಂದರೆ ಅದರ ಸರಳು ಹಿತ್ತಾಳೆಯನ್ನು ಒಳಗಿನಿಂದಲೇ ತಳ್ಳುತ್ತದೆ. ಹೀಗಾಗಿ ಒಂದೇ ಚೌಕಟ್ಟಿಗೆ .357 ಮತ್ತು 9 ಮಿ.ಮೀ. ಎರಡು ಸಿಲಿಂಡರುಗಳನ್ನು ಕೊಡುವುದು ಸಾಧ್ಯವಾಯಿತು.

ಹಗುರ ರಿವಾಲ್ವರ್ ಕೊಳ್ಳುವವರು ಕೇಳದೇ ಬಿಡುವ ಒಂದು ಸಂಗತಿಯಿದೆ. ರಿವಾಲ್ವರ್ ತೋಟಾದ ಬಾಯಿಯನ್ನು ಗುಂಡಿನ ತೋಡಿನೊಳಕ್ಕೆ ಬಲವಾಗಿ ಮಡಚಿರುತ್ತಾರೆ. ಪಿಸ್ತೂಲಿನ ತೋಟಾ ಬಾಯಿಯ ಮೇಲೆ ನಿಲ್ಲಬೇಕಾದ್ದರಿಂದ ಹಾಗೆ ಮಡಚುವಂತಿಲ್ಲ. ಆಯುಧ ಒದೆದಾಗಲೆಲ್ಲ ಇನ್ನೂ ಹಾರದ ತೋಟಾಗಳಲ್ಲಿ ಗುಂಡು ಸ್ವಲ್ಪ ಸ್ವಲ್ಪವೇ ಮುಂದೆ ಬಂದು, ಕೊನೆಗೆ ಸಿಲಿಂಡರಿನ ಮುಂಭಾಗದಿಂದ ಹೊರಚಾಚಿ ಚೌಕಟ್ಟಿಗೆ ತಡೆದರೆ ಆಯುಧ ಅಲ್ಲಿಗೇ ನಿಂತುಬಿಡುತ್ತದೆ. ನೀವು ಬಳಸುವ ತೋಟಾ ಹೀಗೆ ಮಾಡುತ್ತದೆಯೇ ಎಂದು ತಿಳಿಯಲು, ಶೂಟಿಂಗ್ ರೇಂಜಿನಲ್ಲಿ ಒಂದನ್ನು ಬಿಟ್ಟು ಉಳಿದೆಲ್ಲವನ್ನು ಹಾರಿಸಿ, ಉಳಿದ ಆ ತೋಟಾದ ಉದ್ದವನ್ನು ಮೊದಲಿನ ಅಳತೆಯೊಂದಿಗೆ ಹೋಲಿಸಿ ನೋಡಿ.

ಇನ್ನು ನನ್ನನ್ನು ನಿಜಕ್ಕೂ ಕಳವಳಕ್ಕೀಡುಮಾಡುವುದು ಬ್ರಿಟಿಷ್ ಸೇನೆಯ ಹಳೆಯ ರಿವಾಲ್ವರ್ ವೆಬ್ಲಿ ಮಾರ್ಕ್ 6. ಎರಡನೆಯ ಮಹಾಯುದ್ಧದ ನಂತರ ಅಮೆರಿಕದ ಮಾರುಕಟ್ಟೆಗೆ ಬಂದ ಅನೇಕ ವೆಬ್ಲಿಗಳ ಸಿಲಿಂಡರಿನ ಹಿಂಭಾಗವನ್ನು ಉಜ್ಜಿ ತೆಳ್ಳಗೆ ಮಾಡಿ, .45 ಎಸಿಪಿ ಕ್ಲಿಪ್ಪು ಕೂರುವಂತೆ ಮಾರ್ಪಡಿಸಿದರು. ತೋಟಾ ಸರಿಯಾಗಿ ಕೂರುತ್ತದೆ, ಹಾರುತ್ತದೆ. ಅಪಾಯ ಇರುವುದೇ ಅದರಲ್ಲಿ. ಆ ರಿವಾಲ್ವರನ್ನು ಕಟ್ಟಿದ್ದು .455 ತೋಟಾದ ಕಡಿಮೆ ಒತ್ತಡಕ್ಕೆ, ಕಾರ್ಖಾನೆಯ .45 ಎಸಿಪಿ ಅದನ್ನು ಬಹಳಷ್ಟು ಮೀರುತ್ತದೆ. ಅಂತಹ ವೆಬ್ಲಿಗೆ ಕಾರ್ಖಾನೆಯ ತೋಟಾ ಹಾಕಬೇಡಿ ಎಂದೇ ನಾನು ಪ್ರತಿಯೊಬ್ಬರಿಗೂ ಹೇಳುತ್ತೇನೆ, ಹಿಂದೆ ಎಷ್ಟು ಸಲ ಏನೂ ಆಗಿಲ್ಲವೆಂದು ಅವರು ವಾದಿಸಿದರೂ.

ಕ್ಲಿಪ್ಪಿನ ಪರೀಕ್ಷೆಗೆ ಹೆಚ್ಚು ಹೊತ್ತು ಬೇಕಿಲ್ಲ. ಖಾಲಿ ಕ್ಲಿಪ್ಪನ್ನು ಗಾಜಿನ ಮೇಲಿಟ್ಟು ಅಂಚನ್ನು ಒತ್ತಿದಾಗ ಅದು ಅಲುಗಾಡಬಾರದು. ಆಮೇಲೆ ತೋಟಾಗಳಿಲ್ಲದ ಆ ಕ್ಲಿಪ್ಪನ್ನು ಖಾಲಿ ಸಿಲಿಂಡರಿನ ಹಿಂದೆ ಕೂರಿಸಿ, ಸಿಲಿಂಡರನ್ನು ಮುಚ್ಚಿ, ಟ್ರಿಗರನ್ನು ನಿಧಾನವಾಗಿ ಎಳೆಯುತ್ತ ಒಂದು ಪೂರ್ತಿ ಸುತ್ತು ಬರಿಸಬೇಕು. ಎಲ್ಲಾದರೂ ಬಿಗಿಯಾದರೆ ಆ ಕ್ಲಿಪ್ಪನ್ನು ನೇರಮಾಡಲು ಹೋಗದೆ ಎಸೆಯಿರಿ. ಹಿತ್ತಾಳೆಯ ಕಾಲುವೆಯ ಅಳತೆ ಒಬ್ಬ ತಯಾರಕರಿಂದ ಇನ್ನೊಬ್ಬರಿಗೆ ತುಸು ಬದಲಾಗುತ್ತದೆ; ಆದ್ದರಿಂದ ತೋಟಾದ ತಯಾರಕರನ್ನು ಬದಲಾಯಿಸಿದಾಗಲೆಲ್ಲ ಅದು ಕ್ಲಿಪ್ಪಿನಲ್ಲಿ ಸಡಿಲವಾಗಿ ಅಲುಗುತ್ತದೆಯೇ, ಇಲ್ಲ ಕ್ಲಿಪ್ಪನ್ನೇ ಬಾಗಿಸುವಷ್ಟು ಬಿಗಿಯಾಗಿದೆಯೇ ಎಂಬುದನ್ನು ಮೊದಲೇ ನೋಡಿಕೊಳ್ಳಿ. ಖಾಲಿ ಹಿತ್ತಾಳೆಯನ್ನು ಕ್ಲಿಪ್ಪಿನಿಂದ ಬಿಡಿಸುವಾಗ ಅದಕ್ಕೆಂದೇ ಇರುವ ಉಪಕರಣವನ್ನು ಬಳಸಿ. ನನ್ನ ಮೇಜಿಗೆ ಬರುವ ಬಾಗಿದ ಕ್ಲಿಪ್ಪುಗಳಲ್ಲಿ ಬಹುಪಾಲು ಬಾಗಿದ್ದು ಇಕ್ಕಳದಿಂದ.