ಕಾರ್ಡ್ ಇದ್ದರೂ ಉಚಿತ ಶಿಬಿರದ ಸಾಲು ಕರಗುತ್ತಿಲ್ಲ, ಏಕೆ?

ಇಎಸ್‌ಐ, ಯಶಸ್ವಿನಿ, ವಾಜಪೇಯಿ ಆರೋಗ್ಯಶ್ರೀ, ಆರೋಗ್ಯ ಕರ್ನಾಟಕ, ಆಯುಷ್ಮಾನ್ ಭಾರತ್: ಚಿಕಿತ್ಸೆಯ ಖರ್ಚು ಹೊರುವ ಸರ್ಕಾರಿ ಯೋಜನೆಗಳು ಒಂದೆರಡಲ್ಲ. ಯಾವುದು ನಿಂತುಹೋಗಿದೆ, ಯಾವುದು ಯಾವುದರೊಳಗೆ ಸೇರಿಹೋಗಿದೆ ಎಂದು ಆಸ್ಪತ್ರೆಯ ಕೌಂಟರಿನವರೇ ಒಮ್ಮೊಮ್ಮೆ ತಡವರಿಸುತ್ತಾರೆ. ಇಷ್ಟೆಲ್ಲ ಇದ್ದೂ ಬೆಂಗಳೂರಿನಲ್ಲಿ ಭಾನುವಾರ ಬಂತೆಂದರೆ ಯಾವುದೋ ಶಾಲೆಯ ವರಾಂಡದಲ್ಲೋ ಗುಡಿಯ ಪಕ್ಕದ ಶಾಮಿಯಾನದಲ್ಲೋ ಉಚಿತ ಆರೋಗ್ಯ ತಪಾಸಣಾ ಶಿಬಿರ ಇದ್ದೇ ಇರುತ್ತದೆ. ಸಾಲಿನಲ್ಲಿ ನಿಂತ ಹಲವರ ಬಳಿ ಯಾವುದಾದರೊಂದು ಕಾರ್ಡೂ ಇರುತ್ತದೆ.

ಧರ್ಮಾರ್ಥ ಚಿಕಿತ್ಸೆ ಈ ಊರಿಗೆ ಹೊಸದಲ್ಲ. 1886ರಲ್ಲಿ ಕ್ರೈಸ್ತ ಸನ್ಯಾಸಿನಿಯರ ಸೇಂಟ್ ಮಾರ್ಥಾಸ್ ಬಂತು, 1898ರಲ್ಲಿ ಪ್ಲೇಗು ಊರನ್ನು ನಡುಗಿಸಿತು, 1900ರಲ್ಲಿ ವಿಕ್ಟೋರಿಯಾ ಆಸ್ಪತ್ರೆ ತೆರೆಯಿತು, 1948ರ ಕಾಯ್ದೆಯಿಂದ ಕಾರ್ಖಾನೆಯವರಿಗೆ ನೌಕರರ ವಿಮೆಯಾದ ಇಎಸ್‌ಐ ಸಿಕ್ಕಿತು. 1990ರ ದಶಕದಲ್ಲಿ ವಿಶ್ವಬ್ಯಾಂಕ್ ನೆರವಿನ ಐಪಿಪಿ-8 ಯೋಜನೆ ಕೊಳೆಗೇರಿಗಳ ಹತ್ತಿರ ಆರೋಗ್ಯ ಕೇಂದ್ರಗಳನ್ನು ತಂದಿತಾದರೂ ಅವುಗಳ ಗಮನವೆಲ್ಲ ಬಸುರಿ, ಬಾಣಂತಿ, ಮಗುವಿನ ಮೇಲೆ. ಐವತ್ತು ದಾಟಿದ ಗಾರೆ ಕೆಲಸದವನ ಬಿಪಿ ಯಾರ ಲೆಕ್ಕಕ್ಕೂ ಬರಲಿಲ್ಲ.

ನಾವಿಂದು ಕಾಣುವ ಶಿಬಿರದ ಅಚ್ಚು ಬಂದದ್ದು ಕಣ್ಣಿನ ಚಿಕಿತ್ಸೆಯಿಂದ. ಊರೂರು ತಿರುಗಿ ಸಾಮೂಹಿಕ ನೇತ್ರ ಶಿಬಿರ ನಡೆಸಿದ ಡಾ. ಎಂ.ಸಿ. ಮೋದಿಯವರ ಹೆಸರು ಹಳೆ ತಲೆಮಾರಿನ ಕನ್ನಡಿಗರಿಗೆಲ್ಲ ಗೊತ್ತು. ಬೆಂಗಳೂರಿನಲ್ಲಿ ಮೋದಿ ಆಸ್ಪತ್ರೆ ರಸ್ತೆ ಈಗಲೂ ಇದೆ. ಒಂದೇ ದಿನ ನೂರಾರು ಜನರ ಪೊರೆ ತೆಗೆಯುತ್ತಿದ್ದ ಆ ಕ್ರಮ ಫಲಿಸಿದ್ದಕ್ಕೆ ಕಾರಣ ಸರಳ. ಪೊರೆ ಒಮ್ಮೆ ತೆಗೆದರೆ ಕೆಲಸ ಬಹುಪಾಲು ಮುಗಿಯಿತು. ಸಕ್ಕರೆ ಕಾಯಿಲೆ, ರಕ್ತದೊತ್ತಡ ಹಾಗಲ್ಲ, ಸಾಯುವ ತನಕ ದಿನಾ ಮಾತ್ರೆ ಬೇಕು. ಕಣ್ಣಿಗೆ ಹೊಂದಿದ ಅಚ್ಚನ್ನು ಹಾಗೇ ಎತ್ತಿ ಇವಕ್ಕೂ ಹಾಕಿದ್ದೇ ತೊಡಕಿನ ಮೂಲ.

ಇಂಥ ಶಿಬಿರದ ಔಷಧಿ ಮೇಜಿನ ಬಳಿ ಅರ್ಧ ತಾಸು ನಿಂತರೆ ಸಾಕು. ಮಾತ್ರೆಗಳಲ್ಲಿ ಬಹಳಷ್ಟು ಕಂಪನಿ ಪ್ರತಿನಿಧಿಗಳು ವೈದ್ಯರಿಗೆ ಕೊಟ್ಟ ಸ್ಯಾಂಪಲ್. ಹತ್ತರ ಶೀಟನ್ನು ಕತ್ತರಿಯಲ್ಲಿ ಐದೈದಾಗಿ ತುಂಡರಿಸುತ್ತಾರೆ. ಅವಧಿ ಮುಗಿಯುವ ದಿನಾಂಕ ಒಂದು ತುಂಡಿನ ಪಾಲಾದರೆ ಇನ್ನೊಂದು ಬೋಳು. ಅಜ್ಜಿಯೊಬ್ಬರು ಪ್ಲಾಸ್ಟಿಕ್ ಕವರು ಬಿಚ್ಚುತ್ತಾರೆ: ಹಿಂದಿನ ಶಿಬಿರಗಳ ಚೀಟಿ, ಎರಡು ಬಣ್ಣದ ಶೀಟು. ಎರಡೂ ಆಮ್ಲೋಡಿಪಿನ್ ಎಂಬ ಬಿಪಿ ಮಾತ್ರೆಯೇ, ಬ್ರ್ಯಾಂಡ್ ಮಾತ್ರ ಬೇರೆ. ಎರಡು ಬೇರೆ ಬೇರೆ ಔಷಧಿ ಎಂದುಕೊಂಡು ಎರಡನ್ನೂ ನುಂಗುತ್ತಿದ್ದಾರೆ, ಕಾಲು ಬಾವು ಬಂದಿದೆ. ಕೂತ ವೈದ್ಯೆ ಇದನ್ನು ಬಿಡಿಸಿ ಹೇಳುವಷ್ಟರಲ್ಲಿ ಹಿಂದಿನವರು ಗೊಣಗುತ್ತಾರೆ. ಭಾನುವಾರದ ರಜೆ ಬಿಟ್ಟು ಬಂದ ಆ ವೈದ್ಯೆಯ ಶ್ರದ್ಧೆಯಲ್ಲಿ ಕೊರತೆಯಿಲ್ಲ. ಮುಂದಿನ ತಿಂಗಳು ಅಜ್ಜಿಗೆ ಅವರು ಸಿಗುವುದಿಲ್ಲ, ಅಷ್ಟೇ. (ಫ್ಲೆಕ್ಸಿನಲ್ಲಿ ದೊಡ್ಡದಾಗಿ ನಗುವ ಮುಖ ಸಾಮಾನ್ಯವಾಗಿ ವೈದ್ಯರದ್ದಲ್ಲ ಎಂಬುದು ಬೇರೆ ಮಾತು.)

ಈ ಮಧ್ಯೆ ವಿಮೆ ಬೆಳೆಯಿತು. ಯಶಸ್ವಿನಿ 2003ರಲ್ಲಿ ಸಹಕಾರ ಸಂಘಗಳ ರೈತರಿಗೆ ಶಸ್ತ್ರಚಿಕಿತ್ಸೆಯ ಭರವಸೆ ಕೊಟ್ಟಿತು. 2008ರ ರಾಷ್ಟ್ರೀಯ ಸ್ವಾಸ್ಥ್ಯ ಬಿಮಾ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 30,000 ರೂಪಾಯಿ. 2018ರಲ್ಲಿ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಒಂದಾದಾಗ ಬಿಪಿಎಲ್ ಕುಟುಂಬಕ್ಕೆ 5 ಲಕ್ಷ. ಎಪಿಎಲ್‌ನವರಿಗೆ ವೆಚ್ಚದ ಶೇ 30ರಷ್ಟು, 1.5 ಲಕ್ಷದವರೆಗೆ. ಮೊತ್ತ ಏರುತ್ತಾ ಹೋಯಿತು, ಆದರೆ ಇವೆಲ್ಲ ಮುಖ್ಯವಾಗಿ ಅಡ್ಮಿಟ್ ಆದವರ ಲೆಕ್ಕ. ಹೃದಯಕ್ಕೆ ಸ್ಟೆಂಟ್ ಹಾಕಿಸಲು ದುಡ್ಡಿದೆ. ಸ್ಟೆಂಟ್ ಬೇಕಾಗದಂತೆ ವರ್ಷಗಟ್ಟಲೆ ನುಂಗಬೇಕಾದ ಮಾತ್ರೆಗೆ ಆ ಕಾರ್ಡಿನಲ್ಲಿ ಜಾಗವಿಲ್ಲ. ಖಾಸಗಿ ಆಸ್ಪತ್ರೆಗೆ ಹೋಗಲೂ, ತುರ್ತು ಸಂದರ್ಭ ಬಿಟ್ಟರೆ, ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು.

ಕಾರ್ಡೇ ಇಲ್ಲದವರ ಪಾಡು ಇನ್ನೊಂದು. ಗಾರ್ಮೆಂಟ್ಸ್ ಕೆಲಸದವರಿಗೆ ಇಎಸ್‌ಐ ಇದೆ, ಅದೂ 2017ರಿಂದ ಸಂಬಳ 21,000 ರೂಪಾಯಿ ಮೀರದಿದ್ದರೆ. ಮನೆಗೆಲಸದವರಿಗೆ, ಆಟೋದವರಿಗೆ, ತಳ್ಳುಗಾಡಿಯವರಿಗೆ ಅದಿಲ್ಲ. ಆ್ಯಪ್ ಮೂಲಕ ದುಡಿಯುವ ಗಿಗ್ ಕಾರ್ಮಿಕರಿಗೆ ರಾಜ್ಯ 2023ರಲ್ಲಿ ಘೋಷಿಸಿದ 4 ಲಕ್ಷ ಜೀವ ವಿಮೆ, ಅಪಘಾತ ವಿಮೆಗೆ ಸೇರಿದ್ದು, ಡೆಂಗಿಗೆ ಅಲ್ಲ. ಆಯುಷ್ಮಾನ್ ಕಾರ್ಡ್ ದೇಶದಲ್ಲೆಲ್ಲ ನಡೆಯುತ್ತದೆ ಎನ್ನುತ್ತಾರೆ. ಆದರೆ ಪಶ್ಚಿಮ ಬಂಗಾಳ 2019ರಲ್ಲೇ ಯೋಜನೆಯಿಂದ ಹೊರಬಂದಿತು, ಒಡಿಶಾ ಸೇರಿದ್ದು 2025ರಲ್ಲಿ. ಅಷ್ಟೂ ವರ್ಷ ಆ ಊರುಗಳಿಂದ ಬಂದು ನಮ್ಮ ಅಪಾರ್ಟ್‌ಮೆಂಟ್ ಕಟ್ಟಿದವರ, ಗುಡಿಸಿದವರ ಕೈಯಲ್ಲಿ ಇಲ್ಲಿ ನಡೆಯುವ ಆಯುಷ್ಮಾನ್ ಕಾರ್ಡ್ ಇರಲಿಲ್ಲ.

ಮನೆ ಹತ್ತಿರದ ಚಿಕಿತ್ಸೆಗೆ ದೊಡ್ಡ ಪ್ರಯತ್ನ ಎಂದರೆ 2022ರ ಡಿಸೆಂಬರಿನ ನಮ್ಮ ಕ್ಲಿನಿಕ್. ಬೆಂಗಳೂರಿನ ಆಗಿನ 243 ವಾರ್ಡಿಗೂ ಒಂದೊಂದು ಎಂಬ ಯೋಜನೆ; ತಪಾಸಣೆ, ಮಾತ್ರೆ ಉಚಿತ. ಸರಿಯಾದ ದಾರಿಯೇ. ಆದರೆ ಶುರುವಿನಲ್ಲಿ ಗೊತ್ತುಮಾಡಿದ ವೇಳೆ ಬೆಳಿಗ್ಗೆ 9ರಿಂದ ಸಂಜೆ 4.30. ದಿನಗೂಲಿಯವರು ಬಿಪಿ ತೋರಿಸಲು ಅರ್ಧ ದಿನದ ಕೂಲಿ ಬಿಡಬೇಕಾಗುತ್ತಿತ್ತು.

ಕೆಲವು ವೈದ್ಯರು ಈಗ ಶಿಬಿರದ ಗೋಜು ಬಿಟ್ಟು, ವಾರಕ್ಕೊಂದು ಸಂಜೆ ಒಂದೇ ಜಾಗದಲ್ಲಿ ಕೂರುತ್ತಿದ್ದಾರೆ. ರೋಗಿಗೊಂದು ಪುಸ್ತಕ, ಅದರಲ್ಲಿ ಬ್ರ್ಯಾಂಡ್ ಬದಲು ಔಷಧಿಯ ಮೂಲ ಹೆಸರು, ಕಳೆದ ವಾರದ ಬಿಪಿ. ಖರ್ಚು ಹೆಚ್ಚಾಗಿ ಮಾತ್ರೆಯದೇ. ಒಂದು ದಿನದ ಶಿಬಿರಕ್ಕೆ ಪ್ರಾಯೋಜಕರು ಸುಲಭವಾಗಿ ಸಿಗುತ್ತಾರೆ. ವರ್ಷವಿಡೀ ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಕೊಡಿಸುವವರನ್ನು ಹುಡುಕಿಕೊಂಡು ಹೋಗಬೇಕು, ಜನೌಷಧಿ ಅಂಗಡಿಯಲ್ಲಿ ಅದು ಎಷ್ಟೇ ಅಗ್ಗವಿದ್ದರೂ.