ಓದಬಾರದು ಅನ್ನುವವರಿಗೆ ಬಿದ್ದ ಹೆಸರು

ಅನುವಾದದ ಕರಡು ತಿದ್ದುವಾಗ ನನಗೆ ಮತ್ತೆ ಮತ್ತೆ ಎದುರಾಗುವ ಇಂಗ್ಲಿಷ್ ಪದ ಅಬ್‌ಸ್ಕ್ಯೂರಂಟಿಸಂ. ಸುಮಾರು ಜನ ಇದನ್ನು ‘ಅಜ್ಞಾನ’ ಅಂತಲೋ ‘ಮೂಢನಂಬಿಕೆ’ ಅಂತಲೋ ಬರೆದು ಮುಂದೆ ಹೋಗುತ್ತಾರೆ. ಅದು ಸರಿಯಲ್ಲ. ಗೊತ್ತಿಲ್ಲದಿದ್ದರೆ ಅಜ್ಞಾನ. ಬೇರೆಯವರಿಗೆ ಗೊತ್ತಾಗದಂತೆ ಬೇಕಂತಲೇ ತಡೆಯುವುದು ಅಬ್‌ಸ್ಕ್ಯೂರಂಟಿಸಂ. ಹಾಗೆ ತಡೆಯುವವರು ಎಷ್ಟೋ ಸಲ ಚೆನ್ನಾಗಿ ಓದಿಕೊಂಡವರೇ ಆಗಿರುತ್ತಾರೆ.

ಪದದ ಬೇರು ಲ್ಯಾಟಿನ್. ‘ಒಬ್‌ಸ್ಕೂರುಸ್’ ಅಂದರೆ ಕತ್ತಲಾದದ್ದು, ಮಸುಕಾದದ್ದು. ಆದರೆ ಇದಕ್ಕೆ ಕಿಡಿ ಹೊತ್ತಿದ್ದು ಜರ್ಮನಿಯ ಒಂದು ಜಗಳದಲ್ಲಿ. ಯೆಹೂದಿ ಧರ್ಮ ಬಿಟ್ಟು ಕ್ರೈಸ್ತನಾಗಿದ್ದ ಯೋಹಾನೆಸ್ ಫೆಫರ್‌ಕಾರ್ನ್, ಯೆಹೂದಿಗಳ ಪುಸ್ತಕಗಳನ್ನು ಕಿತ್ತುಕೊಂಡು ನಾಶ ಮಾಡಬೇಕು ಅಂತ ಹಟ ಹಿಡಿದ. 1509ರಲ್ಲಿ ಚಕ್ರವರ್ತಿ ಒಂದನೇ ಮ್ಯಾಕ್ಸಿಮಿಲಿಯನ್‌ನಿಂದ ಆಜ್ಞೆಯನ್ನೂ ತಂದ. ಹೀಬ್ರೂ ಬಲ್ಲ ವಿದ್ವಾಂಸ ಯೋಹಾನೆಸ್ ರಾಯ್ಖ್ಲಿನ್‌ನ ಅಭಿಪ್ರಾಯ ಕೇಳಿದಾಗ ಅವನು ಒಪ್ಪಲಿಲ್ಲ. ಸುಡುವುದಿರಲಿ, ವಿಶ್ವವಿದ್ಯಾಲಯಗಳಲ್ಲಿ ಹೀಬ್ರೂ ಕಲಿಸಲು ಮೇಷ್ಟ್ರುಗಳನ್ನು ನೇಮಿಸಿ ಅಂದ! ನನಗೆ ಈ ಇಡೀ ಕಥೆಯಲ್ಲಿ ತುಂಬಾ ಇಷ್ಟವಾಗುವ ಮಾತು ಇದೇ.

ಕಲೋನ್ ನಗರದ ಡೊಮಿನಿಕನ್ ಪಾದ್ರಿಗಳು ಅವನ ಮೇಲೆ ಮುಗಿಬಿದ್ದರು. ದೊಡ್ಡ ದೊಡ್ಡ ವಿದ್ವಾಂಸರು ತನ್ನ ಪರವಾಗಿ ಬರೆದ ಪತ್ರಗಳನ್ನು ರಾಯ್ಖ್ಲಿನ್ 1514ರಲ್ಲಿ ‘ಪ್ರಸಿದ್ಧರ ಪತ್ರಗಳು’ ಅಂತ ಅಚ್ಚು ಹಾಕಿಸಿದ. ಮರುವರ್ಷ ಅದಕ್ಕೆ ಜೋಡಿಯಾಗಿ, ಬರೆದವರ ಹೆಸರಿಲ್ಲದ ಇನ್ನೊಂದು ಪುಸ್ತಕ ಬಂತು: ‘ಅಪ್ರಸಿದ್ಧರ ಪತ್ರಗಳು’. ಪಾದ್ರಿಗಳೇ ಹರಕುಮುರುಕು ಲ್ಯಾಟಿನ್‌ನಲ್ಲಿ ಬರೆದುಕೊಂಡ ಹಾಗೆ ಕಾಣುವ ಅಣಕು ಅದು, ಮೊದಲ ಪತ್ರದಲ್ಲೇ ಮುಂದೆ ಪಂಡಿತನಾಗಲಿರುವವನನ್ನು ಹೇಗೆ ಕರೆಯಬೇಕು ಅನ್ನುವ ಮಹಾಚರ್ಚೆ ನಡೆಯುತ್ತದೆ. ಕ್ರೋಟುಸ್ ರುಬಿಯಾನುಸ್ ಮತ್ತು ಉಲ್ರಿಖ್ ಫಾನ್ ಹುಟ್ಟೆನ್ ಇದರ ಮುಖ್ಯ ಲೇಖಕರು ಅಂತ ಈಗ ಒಪ್ಪಿಕೊಂಡಿದ್ದಾರೆ. 1517ರಲ್ಲಿ ಪೋಪ್ ಹತ್ತನೇ ಲಿಯೋ ಈ ಪುಸ್ತಕವನ್ನು ಖಂಡಿಸಿದ.

ಗಮನಿಸಿ, ಆ ಪುಸ್ತಕದ ಲ್ಯಾಟಿನ್ ಶೀರ್ಷಿಕೆಯಲ್ಲಿ ಬರುವ ‘ಒಬ್‌ಸ್ಕೂರುಸ್’ಗೆ ಮೇಲ್ನೋಟಕ್ಕೆ ಹೆಸರು ಮಾಡದವರು ಅಂತಷ್ಟೇ ಅರ್ಥ. 18ನೇ ಶತಮಾನದಲ್ಲಿ, ವಿಚಾರಶಕ್ತಿಗೆ ಒತ್ತು ಕೊಟ್ಟ ಯುರೋಪಿನ ‘ಜ್ಞಾನೋದಯ’ ಚಳವಳಿಯ ಚಿಂತಕರು ತಮ್ಮ ವಿರೋಧಿಗಳನ್ನು ಬೆಳಕು ಆರಿಸುವವರು ಅಂತ ಕರೆಯತೊಡಗಿದಾಗ ಅರ್ಥ ತಿರುಗಿತು. ಫ್ರೆಂಚ್, ಜರ್ಮನ್ ದಾಟಿ ಇಂಗ್ಲಿಷಿನಲ್ಲಿ ಅದು ನೆಲೆಯಾಗಿದ್ದು 19ನೇ ಶತಮಾನದಲ್ಲಿ.

ಇತ್ತೀಚೆಗೆ, ಯಾರಿಗೂ ಅರ್ಥವಾಗದ ಹಾಗೆ ಬೇಕಂತಲೇ ಬರೆಯುವುದಕ್ಕೂ ಇದನ್ನೇ ಬಳಸುತ್ತಾರೆ. ಅದೂ ಓದುಗನನ್ನು ಹೊರಗೆ ನಿಲ್ಲಿಸುವ ಕೆಲಸವೇ ಅಲ್ವಾ? ಆದರೆ ಬರವಣಿಗೆ ಸುಮ್ನೆ ಕಷ್ಟವಾಗಿದ್ದರೆ ಅದು ಅಬ್‌ಸ್ಕ್ಯೂರಂಟಿಸಂ ಆಗುವುದಿಲ್ಲ. ಹಾಗಾಗಿ ಕರಡು ಕೈಗೆ ಬಂದಾಗ ನಾನು ಮೊದಲು ಹುಡುಕುವುದು, ಇಲ್ಲಿ ಯಾರು ಯಾರನ್ನು ತಡೆಯುತ್ತಿದ್ದಾರೆ ಅಂತ. ತಡೆಯುವವರು ಸಿಕ್ಕಿದರೆ ‘ಜ್ಞಾನವಿರೋಧ’ ಅಂತ ಬರೆಯುತ್ತೇನೆ, ಸಿಗದಿದ್ದರೆ ಮೂಲ ಲೇಖಕರು ಈ ಪದವನ್ನು ಯಾಕೆ ಬಳಸಿದರು ಅಂತ ಇನ್ನೊಮ್ಮೆ ಓದುತ್ತೇನೆ.